ಮಾಂಸತ್ಯಾಗಕ್ಕೆ ಮೂಲ ಭಯವೋ, ದಯೆಯೋ?



ಶ್ರಾವಕಧರ್ಮದ ಮೊದಲ ಮೆಟ್ಟಿಲು ಅಷ್ಟಮೂಲಗುಣಗಳ ಪಾಲನೆ. ಮದ್ಯ, ಮಾಂಸ, ಮಧುಗಳನ್ನು ಬಿಡದವನಿಗೆ ಅಣುವ್ರತಗಳ ಮಾತು ದೂರವೇ ಉಳಿಯಿತು. ಬೇರಿಲ್ಲದ ಗಿಡಕ್ಕೆ ನೀರೆರೆದರೆ ಫಲವೇನು? ಆದುದರಿಂದಲೇ ನಮ್ಮ ಮನೆಗಳಲ್ಲಿ ಮಗುವಿಗೆ ಣಮೋಕಾರ ಮಂತ್ರವನ್ನು ಕಲಿಸುವ ವಯಸ್ಸಿನಲ್ಲಿಯೇ ಮಾಂಸವು ಅಭಕ್ಷ್ಯವೆಂಬ ಸಂಸ್ಕಾರವನ್ನೂ ಕೊಡುತ್ತಾರೆ. ಇದು ನಮ್ಮ ಪೂರ್ವಿಕರ ಪುಣ್ಯದಿಂದ ಇಂದಿಗೂ ನಡೆದು ಬಂದಿರುವ ಪದ್ಧತಿ.

ಆದರೆ ಮಗುವು ಬೆಳೆದು, "ಏಕೆ ಬಿಡಬೇಕು?" ಎಂದು ಕೇಳಿದಾಗ ನಾವು ಕೊಡುವ ಉತ್ತರವೇನು? ಹಲವು ಮನೆಗಳಲ್ಲಿ ದೊರೆಯುವ ಉತ್ತರ ಒಂದೇ: "ಮಾಂಸದಲ್ಲಿ ಕ್ರಿಮಿಗಳಿರುತ್ತವೆ, ಅದು ರೋಗಕ್ಕೆ ಮೂಲ." ಈ ಮಾತು ಸುಳ್ಳಲ್ಲ. ಆದರೆ ಇದೇ ಮುಖ್ಯವಾದ ಉತ್ತರವೋ ಎಂಬುದನ್ನು ವಿಚಾರ ಮಾಡತಕ್ಕದ್ದು. ಆ ಮಗುವು ಓದಿಗಾಗಿ ಪರಸ್ಥಳಕ್ಕೆ ಹೋಗುತ್ತದೆ, ಉದ್ಯೋಗಕ್ಕಾಗಿ ಪರದೇಶಕ್ಕೆ ಹೋಗುತ್ತದೆ. ಅಲ್ಲಿ ಒಬ್ಬ ಸ್ನೇಹಿತನು ಮೊಹರು ಹಾಕಿದ ಪೊಟ್ಟಣವೊಂದನ್ನು ಮುಂದಿಟ್ಟು, "ಇದು ಕಾರ್ಖಾನೆಯಲ್ಲಿ ಶುದ್ಧಿ ಮಾಡಿದ್ದು, ಪರೀಕ್ಷೆಯಾಗಿ ಬಂದದ್ದು, ಇದರಲ್ಲಿ ಯಾವ ಕ್ರಿಮಿಯೂ ಇಲ್ಲ" ಎಂದರೆ ನಮ್ಮ ಮಗುವಿನ ಬಳಿ ಉತ್ತರವಿರುವುದೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಸಂಸ್ಕರಿಸಿದ ಮಾಂಸದ ವಿಷಯದಲ್ಲಿ ಲೋಕವು ಕಂಡುಕೊಂಡ ಸಂಗತಿಗಳನ್ನು ಮೊದಲು ನೋಡೋಣ. ಆಮೇಲೆ ಆಗಮದ ಕಡೆಗೆ ತಿರುಗೋಣ.

ಕರುಳಿನ ಚೀಲದಲ್ಲಿ ಹುಟ್ಟಿದ ವಿಷ

ಜರ್ಮನಿಯ ದಕ್ಷಿಣ ಭಾಗದಲ್ಲಿ ವ್ಯೂರ್ಟೆಂಬರ್ಗ್ ಎಂಬ ಪ್ರಾಂತ್ಯವಿದೆ. ಅಲ್ಲಿಯ ಜನರು ಹಂದಿಯ ಮಾಂಸ, ಕೊಬ್ಬು, ರಕ್ತಗಳನ್ನು ಅರೆದು ಆ ಪ್ರಾಣಿಯ ಕರುಳಿನಲ್ಲಿಯೋ ಜಠರದ ಚೀಲದಲ್ಲಿಯೋ ತುಂಬಿ, ಬೇಯಿಸಿ, ಹೊಗೆಯಲ್ಲಿ ತೂಗುಹಾಕಿ, ವಾರಗಟ್ಟಲೆ ಇಟ್ಟು ತಿನ್ನುತ್ತಿದ್ದರು. ಇದನ್ನೇ ಸಾಸೇಜ್ ಎನ್ನುತ್ತಾರೆ. 1793ರಲ್ಲಿ ಅಲ್ಲಿಯ ವಿಲ್ಡ್‌ಬಾಡ್ ಎಂಬ ಊರಿನಲ್ಲಿ ಇಂತಹ ಆಹಾರವನ್ನು ತಿಂದ 13 ಜನರು ವಿಚಿತ್ರ ರೋಗಕ್ಕೆ ತುತ್ತಾದರು, 6 ಜನರು ಮೃತಪಟ್ಟರು. ಮುಂದೆಯೂ ಇಂತಹ ಮರಣಗಳು ನಿಲ್ಲಲಿಲ್ಲ.

ಆ ಪ್ರಾಂತ್ಯದ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯನು, ಈತನು ಕವಿಯೂ ಆಗಿದ್ದನು, ಈ ರೋಗವನ್ನು ಬೆನ್ನುಹತ್ತಿದನು. 1820ರಲ್ಲಿ 76 ರೋಗಿಗಳ ವಿವರವನ್ನೂ, 1822ರಲ್ಲಿ 155 ರೋಗಿಗಳ ವಿವರವನ್ನೂ ಪ್ರಕಟಿಸಿದನು. ರೋಗಿಗೆ ಮೊದಲು ಬಾಯಿ ಒಣಗುತ್ತದೆ. ಒಂದು ವಸ್ತು ಎರಡಾಗಿ ಕಾಣುತ್ತದೆ. ಕಣ್ಣಿನ ರೆಪ್ಪೆಗಳು ತಾವಾಗಿ ಜೋಲುತ್ತವೆ. ನುಂಗಲು, ಮಾತನಾಡಲು ಆಗುವುದಿಲ್ಲ. ನಿಶ್ಶಕ್ತಿಯು ಮೇಲಿನಿಂದ ಕೆಳಗೆ ಇಳಿಯುತ್ತ ಬಂದು ಕೊನೆಗೆ ಉಸಿರಾಟದ ಸ್ನಾಯುಗಳನ್ನೇ ಹಿಡಿಯುತ್ತದೆ. ಇಷ್ಟಾದರೂ ಬುದ್ಧಿಯು ಎಚ್ಚರವಾಗಿಯೇ ಇರುತ್ತದೆ. ತನಗೆ ಆಗುತ್ತಿರುವುದನ್ನು ತಾನು ಅರಿಯುತ್ತಲೇ ಆ ಜೀವನು ಕ್ಲೇಶಪಡಬೇಕಾಗುತ್ತದೆ. ಗಾಳಿಯಿಲ್ಲದ ಸ್ಥಳದಲ್ಲಿ ಈ ವಿಷವು ಹುಟ್ಟುವುದೆಂದೂ, ಅತ್ಯಲ್ಪ ಪ್ರಮಾಣದಲ್ಲಿಯೇ ನರಗಳ ಕಾರ್ಯವನ್ನು ತಡೆಯುವುದೆಂದೂ ಕೆರ್ನರನು ಹೇಳಿದನು. ಲ್ಯಾಟಿನ್ ಭಾಷೆಯಲ್ಲಿ ಸಾಸೇಜಿಗೆ ಇರುವ ಹೆಸರಿನಿಂದಲೇ ಈ ರೋಗಕ್ಕೆ ಬಾಟುಲಿಸಮ್ ಎಂಬ ಹೆಸರು ಬಂದಿತು.

ವಿಷವನ್ನು ಕೆರ್ನರನು ಕಂಡನು, ವಿಷದ ಕರ್ತೃವನ್ನು ಕಾಣಲಿಲ್ಲ. 1895ರ ಡಿಸೆಂಬರಿನಲ್ಲಿ ಬೆಲ್ಜಿಯಮ್ ದೇಶದ ಎಲ್ಜೆಲ್ ಎಂಬ ಗ್ರಾಮದಲ್ಲಿ ಶವಸಂಸ್ಕಾರಕ್ಕೆ ಬಂದಿದ್ದ ವಾದ್ಯಗಾರರು ಊಟಕ್ಕೆ ಕುಳಿತರು. ಉಪ್ಪುನೀರಿನಲ್ಲಿಟ್ಟು ಹೊಗೆ ಹಾಕಿದ ಹಂದಿಯ ತೊಡೆಯ ಮಾಂಸವನ್ನು ಅವರು ತಿಂದರು. ಅವರಲ್ಲಿ ಅನೇಕರು ರೋಗಕ್ಕೆ ಬಿದ್ದರು, ಮೂವರು ಪ್ರಾಣ ಬಿಟ್ಟರು. ಒಂದು ಮರಣದ ಊಟವು ಮತ್ತೆ ಮೂರು ಮರಣಗಳಿಗೆ ಕಾರಣವಾಯಿತು. ಗೆಂಟ್ ವಿಶ್ವವಿದ್ಯಾಲಯದ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿದ್ವಾಂಸನು ಉಳಿದ ಮಾಂಸವನ್ನು ಪರೀಕ್ಷಿಸಿ, ಅದರಲ್ಲಿ ಗಾಳಿಯಿಲ್ಲದೆಡೆಯಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾವನ್ನು ಕಂಡುಹಿಡಿದು, 1897ರಲ್ಲಿ ತನ್ನ ಶೋಧವನ್ನು ಪ್ರಕಟಿಸಿದನು.

ಈ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿ ಎಲ್ಲೆಡೆಯೂ ಇರುತ್ತವೆ. ನೀರು ಕುದಿಯುವ ಶಾಖವನ್ನೂ ಅವು ತಾಳಿಕೊಳ್ಳುತ್ತವೆ. ಅವನ್ನು ನಾಶಮಾಡಬೇಕಾದರೆ ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿ ಸೆಂಟಿಗ್ರೇಡ್ ಶಾಖವನ್ನು ಕೊಡಬೇಕಾಗುತ್ತದೆ. ಮಾಂಸವನ್ನು ಅರೆದು ಚೀಲದಲ್ಲಿ ಬಿಗಿದಾಗ ಮೇಲಿದ್ದ ಕಣವು ಒಳಕ್ಕೆ ಹೋಗುತ್ತದೆ, ಒಳಗೆ ಗಾಳಿಯಾಡುವುದಿಲ್ಲ, ಕಣವು ಮೊಳೆತು ವಿಷವನ್ನು ಸ್ರವಿಸುತ್ತದೆ. ಲೋಕದಲ್ಲಿ ಇದುವರೆಗೆ ಗೊತ್ತಿರುವ ವಿಷಗಳಲ್ಲೆಲ್ಲಾ ಇದು ಅತ್ಯುಗ್ರವಾದದ್ದೆಂದು ಹೇಳುತ್ತಾರೆ. ಯಾವ ಕ್ರಮವನ್ನು ಜನರು ಮಾಂಸಕ್ಕೆ ರಕ್ಷಣೆಯೆಂದು ಬಗೆದರೋ ಅದೇ ವಿಷಕ್ಕೆ ತೊಟ್ಟಿಲಾಯಿತು.

ಒಂದು ದೋಷವನ್ನು ಕಳೆದರೆ ಮತ್ತೊಂದು

ಈ ಅಪಾಯವನ್ನು ತಡೆಯಲು ಸಂಸ್ಕರಿಸಿದ ಮಾಂಸಕ್ಕೆ ನೈಟ್ರೈಟ್ ಎಂಬ ಲವಣವನ್ನು ಸೇರಿಸುವ ಪದ್ಧತಿ ಬಂದಿತು. ಅದು ಆ ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ಅಡಗಿಸುತ್ತದೆ, ಮಾಂಸಕ್ಕೆ ಕೆಂಪು ಬಣ್ಣವನ್ನೂ ಕೊಡುತ್ತದೆ. ಆದರೆ ನೈಟ್ರೈಟಿನಿಂದ ಮಾಂಸದಲ್ಲಿಯೂ, ತಿಂದವನ ಹೊಟ್ಟೆಯಲ್ಲಿಯೂ ಬೇರೆ ಸಂಯುಕ್ತಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಕ್ಯಾನ್ಸರಿಗೆ ಕಾರಣವಾಗತಕ್ಕವು. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸಂಸ್ಕರಿಸಿದ ಮಾಂಸವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ವರ್ಗದಲ್ಲಿ ಸೇರಿಸಿತು. ಪ್ರತಿದಿನ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವವು ಸುಮಾರು ನೂರಕ್ಕೆ 18ರಷ್ಟು ಹೆಚ್ಚುವುದೆಂದು ಅದು ಹೇಳಿತು. ಹುಲಿಯಿಂದ ತಪ್ಪಿಸಿಕೊಳ್ಳಲು ಹೋಗಿ ಹುತ್ತಕ್ಕೆ ಕೈಯಿಟ್ಟಂತಾಯಿತು.

ಮತ್ತೆ ಕೆಲವು ಬ್ಯಾಕ್ಟೀರಿಯಾಗಳ ನಡತೆಯೇ ಬೇರೆ. ಸ್ಟ್ಯಾಫಿಲೊಕಾಕಸ್ ಎಂಬುದು ಮುಟ್ಟಿದವರ ಕೈಯಿಂದ ಮಾಂಸಕ್ಕೆ ಸೇರಿ ವಿಷವನ್ನು ಬಿಡುತ್ತದೆ. ಆಮೇಲೆ ಕುದಿಸಿದರೆ ಬ್ಯಾಕ್ಟೀರಿಯಾ ಸಾಯಬಹುದು, ಅದು ಬಿಟ್ಟ ವಿಷವು ಉಳಿಯುತ್ತದೆ. ಲಿಸ್ಟೀರಿಯಾ ಎಂಬುದಕ್ಕೆ ಚಳಿಯ ಭಯವಿಲ್ಲ. ಶೀತಪೆಟ್ಟಿಗೆಯ ಒಳಗೂ ಅದು ವೃದ್ಧಿಯಾಗುತ್ತದೆ.

ಈ ಲಿಸ್ಟೀರಿಯಾದಿಂದ ದಕ್ಷಿಣ ಆಫ್ರಿಕದಲ್ಲಿ ಆದ ಅನಾಹುತವನ್ನು ಕೇಳಬೇಕು. ಆ ದೇಶದಲ್ಲಿ ಪೊಲೋನಿ ಎಂಬ ಸಂಸ್ಕರಿಸಿದ ಮಾಂಸವು ಅಗ್ಗದ ತಿನಿಸು. ಬೇಯಿಸದೆ ಕತ್ತರಿಸಿ ರೊಟ್ಟಿಯ ನಡುವೆ ಇಟ್ಟು ತಿನ್ನುತ್ತಾರೆ. 2017ರಲ್ಲಿ ಆರಂಭವಾದ ಲಿಸ್ಟೀರಿಯಾ ರೋಗಕ್ಕೆ ಇದೇ ಮೂಲವೆಂದು 2018ರ ಮಾರ್ಚ್ 4ರಂದು ಅಲ್ಲಿಯ ಸರಕಾರವು ತಿಳಿಸಿತು. 2018ರ ಜುಲೈವರೆಗೆ 1,060 ಜನರಿಗೆ ರೋಗವು ದೃಢಪಟ್ಟು, 216 ಜನರು ಮೃತಪಟ್ಟಿದ್ದರು. ಆ ರೋಗಿಗಳಲ್ಲಿ ದೊಡ್ಡ ಪಾಲು ಹುಟ್ಟಿ ಒಂದು ತಿಂಗಳೂ ಆಗದ ಶಿಶುಗಳು. ಆ ಶಿಶುಗಳು ಏನನ್ನೂ ತಿಂದವಲ್ಲ. ಬಸುರಿನಲ್ಲಿದ್ದಾಗ ತಾಯಿಯು ತಿಂದದ್ದು ಅವುಗಳ ರಕ್ತಕ್ಕೆ ಇಳಿಯಿತು.

ಭವ್ಯಾತ್ಮರೇ, ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂತಹ ವಾರ್ತೆಯನ್ನು ಕೇಳಿ, "ಮಾಂಸ ತಿಂದವರಿಗೆ ತಕ್ಕ ಶಾಸ್ತಿಯಾಯಿತು" ಎಂದು ನಮ್ಮ ಮನಸ್ಸಿನ ಮೂಲೆಯಲ್ಲಿ ಒಂದು ತೃಪ್ತಿಯು ಹುಟ್ಟಿದರೆ ಅದು ನಮ್ಮ ಪತನವೇ ಸರಿ. ಪ್ರಶಮ, ಸಂವೇಗ, ಅನುಕಂಪ, ಆಸ್ತಿಕ್ಯ ಇವು ಸಮ್ಯಗ್ದೃಷ್ಟಿಯ ಲಕ್ಷಣಗಳು. ಅನುಕಂಪವು ಹಂದಿಗೆ ಒಂದು, ಹಂದಿಯನ್ನು ತಿಂದವನಿಗೆ ಇನ್ನೊಂದು ಎಂದು ಬೇರೆ ಬೇರೆ ಅಳತೆಯಲ್ಲಿ ಬರುವುದಿಲ್ಲ. ಅನ್ಯರ ಮರಣವನ್ನು ನಮ್ಮ ಧರ್ಮದ ಗೆಲುವಿನ ಸಾಕ್ಷಿಯಾಗಿ ಎಣಿಸುವವನು ಮಾಂಸವನ್ನು ಬಿಟ್ಟಿರಬಹುದು, ಹಿಂಸೆಯನ್ನು ಬಿಟ್ಟಿಲ್ಲ.

ಆಗಮದ ಮಾತು

ಈಗ ಆಚಾರ್ಯರು ಹೇಳಿದ್ದನ್ನು ನೋಡೋಣ. ಶ್ರೀ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮಾಂಸದ ದೋಷವನ್ನು ಕ್ರಮವಾಗಿ ವಿಚಾರಿಸಿದ್ದಾರೆ. ಪ್ರಾಣಿಘಾತವಿಲ್ಲದೆ ಮಾಂಸವು ದೊರೆಯದು, ಆದುದರಿಂದ ಅದನ್ನು ಸೇವಿಸುವವನಿಗೆ ಹಿಂಸೆಯು ತಪ್ಪದು. ತಾನಾಗಿಯೇ ಸತ್ತ ಎಮ್ಮೆ, ಎತ್ತುಗಳ ಮಾಂಸವಾದರೋ? ಅಲ್ಲಿಯೂ ಹಿಂಸೆಯಿದೆ, ಏಕೆಂದರೆ ಆ ಮಾಂಸವನ್ನು ಆಶ್ರಯಿಸಿರುವ ನಿಗೋದ ಜೀವಗಳ ಘಾತವಾಗುತ್ತದೆ. ಹಸಿಯ ಮಾಂಸ, ಬೆಂದ ಮಾಂಸ, ಬೇಯುತ್ತಿರುವ ಮಾಂಸ, ಈ ಮೂರು ಅವಸ್ಥೆಗಳಲ್ಲಿಯೂ ಆ ಜಾತಿಯ ಜೀವಗಳ ಉತ್ಪತ್ತಿಯು ಎಡೆಬಿಡದೆ ನಡೆಯುತ್ತದೆ ಎಂದು ಆಚಾರ್ಯರ ಅಭಿಪ್ರಾಯ.

ಇದನ್ನು ಓದಿದ ಕೆಲವರು, "ನೋಡಿ, ಇಂದಿನ ವಿಜ್ಞಾನವು ಹೇಳುವ ಬ್ಯಾಕ್ಟೀರಿಯಾವನ್ನೇ ಆಚಾರ್ಯರು ಅಂದೇ ಹೇಳಿದ್ದಾರೆ" ಎಂದು ಉತ್ಸಾಹದಿಂದ ನುಡಿಯುತ್ತಾರೆ. ಈ ಉತ್ಸಾಹದಲ್ಲಿ ಆತುರವಿದೆ. ನಿಗೋದ ಜೀವವು ಕೇವಲಜ್ಞಾನಗೋಚರವಾದ ವಸ್ತು. ಬ್ಯಾಕ್ಟೀರಿಯಾವು ಸೂಕ್ಷ್ಮದರ್ಶಕಕ್ಕೆ ಗೋಚರವಾದ ವಸ್ತು. ಎರಡನ್ನೂ ಒಂದೇ ಎಂದು ಕಟ್ಟಿದರೆ, ನಾಳೆ ವಿಜ್ಞಾನದ ಮಾತು ಬದಲಾದಾಗ ಆಗಮದ ಮೇಲಿನ ಶ್ರದ್ಧೆಯೂ ಅಲುಗಾಡುತ್ತದೆ. ಆಗಮಕ್ಕೆ ಪ್ರಯೋಗಶಾಲೆಯ ಮುದ್ರೆ ಬೇಕಿಲ್ಲ, ಪ್ರಯೋಗಶಾಲೆಗೂ ಆಗಮದ ಮುದ್ರೆ ಬೇಕಿಲ್ಲ. ಬೆಂದ ಮೇಲೆ ಮಾಂಸವು ನಿರ್ದೋಷವಾಯಿತೆಂಬ ಲೋಕದ ನಂಬಿಕೆಯನ್ನು ಎರಡೂ ತಮ್ಮ ತಮ್ಮ ದಾರಿಯಲ್ಲಿ ಅಲ್ಲಗಳೆಯುತ್ತವೆ ಎಂಬಷ್ಟನ್ನು ಮಾತ್ರ ನಾವು ಹೇಳಬಹುದು. ಅದಕ್ಕಿಂತ ಮುಂದೆ ಹೋಗುವುದು ತರವಲ್ಲ.

ಎರಡರ ಪ್ರಶ್ನೆಗಳೂ ಬೇರೆ ಎಂಬುದನ್ನು ಗಮನಿಸಬೇಕು. ವೈದ್ಯನು ಕೇಳುವುದು, "ಇದರಿಂದ ತಿನ್ನುವವನಿಗೆ ಏನಾಗುತ್ತದೆ?" ಎಂದು. ಆಚಾರ್ಯರು ಕೇಳುವುದು, "ಇದರಿಂದ ಆ ಜೀವಕ್ಕೆ ಏನಾಗುತ್ತದೆ? ತಿನ್ನುವವನ ಪರಿಣಾಮ ಏನಾಗುತ್ತದೆ?" ಎಂದು. ಮೊದಲನೆಯ ಪ್ರಶ್ನೆಗೆ ಕಾರ್ಖಾನೆಯು ಎಂದಾದರೊಂದು ದಿನ ಪೂರ್ಣ ಉತ್ತರವನ್ನು ಕೊಟ್ಟೀತು. ವಿಷವಿಲ್ಲದ, ಬ್ಯಾಕ್ಟೀರಿಯಾವಿಲ್ಲದ, ರೋಗ ತರದ ಮಾಂಸವನ್ನು ತಯಾರಿಸಿ ತಂದೀತು. ಎರಡನೆಯ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡಲಾರದು. ಆಗ ಭಯದಿಂದ ಬಿಟ್ಟವನು ಪೊಟ್ಟಣವನ್ನು ಬಿಚ್ಚುತ್ತಾನೆ, ದಯೆಯಿಂದ ಬಿಟ್ಟವನು ಬಿಚ್ಚುವುದಿಲ್ಲ.

ಖದಿರಸಾರನ ವ್ರತ

ಪುರಾಣದಲ್ಲಿ ಬರುವ ಖದಿರಸಾರನ ಕಥೆಯನ್ನು ತಾವೆಲ್ಲರೂ ಬಲ್ಲಿರಿ. ಆತನು ವಿಂಧ್ಯಾಟವಿಯ ಬೇಡ, ಮಾಂಸವೇ ಆತನ ಜೀವನ. ಸಮಾಧಿಗುಪ್ತ ಮುನಿಗಳ ದರ್ಶನವಾದಾಗ ಅವರು ಆತನ ಶಕ್ತಿಯನ್ನು ಅರಿತು, ಕಾಗೆಯ ಮಾಂಸವೊಂದನ್ನಾದರೂ ಬಿಡುವ ವ್ರತವನ್ನು ಕೊಟ್ಟರು. ಕಿರಿದಾದ ವ್ರತ. ಕಾಲಾನಂತರ ಆತನಿಗೆ ರೋಗವು ಬಂದಿತು. ವೈದ್ಯರು, ಕಾಗೆಯ ಮಾಂಸವೇ ಇದಕ್ಕೆ ಔಷಧವೆಂದರು. ಬಂಧುಗಳು ಒತ್ತಾಯಿಸಿದರು. ಖದಿರಸಾರನು ಒಪ್ಪಲಿಲ್ಲ. ವ್ರತವನ್ನು ಉಳಿಸಿಕೊಂಡು ದೇಹವನ್ನು ಬಿಟ್ಟನು. ಅಂತ್ಯದಲ್ಲಿ ಎಲ್ಲ ಮಾಂಸವನ್ನೂ ತ್ಯಜಿಸಿ, ಶ್ರಾವಕವ್ರತಗಳನ್ನು ಸ್ವೀಕರಿಸಿ, ದೇವಗತಿಗೆ ಹೋದನು. ಆ ಜೀವವೇ ಮುಂದೆ ಶ್ರೇಣಿಕ ಮಹಾರಾಜನಾಗಿ ಭಗವಾನ್ ಮಹಾವೀರರ ಸಮವಸರಣದಲ್ಲಿ ಮುಖ್ಯ ಶ್ರೋತೃವಾಯಿತು.

ಈ ಕಥೆಯ ಮರ್ಮವನ್ನು ನೋಡಿರಿ. ಕಾಗೆಯ ಮಾಂಸವು ವಿಷವೆಂದು ಯಾರೂ ಆತನಿಗೆ ಹೇಳಲಿಲ್ಲ. ಅದು ಔಷಧ, ಪ್ರಾಣವನ್ನು ಉಳಿಸುವುದು ಎಂದೇ ಹೇಳಿದರು. ರೋಗದ ಭಯದಿಂದ ಬಿಟ್ಟಿದ್ದರೆ ರೋಗದ ಭಯದಿಂದಲೇ ತಿಂದುಬಿಡುತ್ತಿದ್ದನು. ಬಿಟ್ಟದ್ದು ಸಂಯಮದಿಂದ, ಆದುದರಿಂದ ಉಳಿಯಿತು.

ಜನ್ನ ಕವಿಯ ಯಶೋಧರ ಚರಿತೆಯಲ್ಲಿ ಇದರ ಇನ್ನೊಂದು ಮುಖವಿದೆ. ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ಆ ಹಿಟ್ಟಿನಲ್ಲಿ ರಕ್ತವಿರಲಿಲ್ಲ, ಮಾಂಸವಿರಲಿಲ್ಲ. ಆದರೂ ಕೊಲ್ಲುವ ಸಂಕಲ್ಪವಿತ್ತು. ಆ ಸಂಕಲ್ಪವೇ ತಾಯಿ ಮಗ ಇಬ್ಬರನ್ನೂ ಭವದಿಂದ ಭವಕ್ಕೆ ತಿರ್ಯಂಚಗತಿಯಲ್ಲಿ ಅಲೆಸಿತು. ದೋಷದ ಬೇರು ವಸ್ತುವಿನ ಕೊಳೆಯಲ್ಲಿ ಅಲ್ಲ, ಭಾವದಲ್ಲಿ ಇರುತ್ತದೆಂಬುದಕ್ಕೆ ಕನ್ನಡದ ಶ್ರಾವಕರಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ?

ಉಪವಾಸದ ವಿಷಯದಲ್ಲಿಯೂ ಹೀಗೆಯೇ. ಅಜೀರ್ಣವಾದಾಗ ವೈದ್ಯನ ಮಾತಿನಂತೆ ಊಟ ಬಿಡುವುದು ಲಂಘನ. ಅಷ್ಟಮಿ ಚತುರ್ದಶಿಗಳಲ್ಲಿ ವಿಷಯ ಕಷಾಯಗಳೊಡನೆ ಆಹಾರವನ್ನು ಬಿಟ್ಟು ಆತ್ಮನ ಸಮೀಪದಲ್ಲಿರುವುದು ಉಪವಾಸ. ಹೊಟ್ಟೆಯ ಹಸಿವು ಎರಡರಲ್ಲಿಯೂ ಸಮಾನ, ಫಲವು ಸಮಾನವಲ್ಲ.

ನಮ್ಮ ಅಡುಗೆಮನೆಯ ಪರೀಕ್ಷೆ

ಹಾಗಾದರೆ ವಿಷದ ಮತ್ತು ರೋಗದ ಜ್ಞಾನವು ನಿಷ್ಪ್ರಯೋಜಕವೋ? ಹಾಗಲ್ಲ. ಬೇಲಿಯು ಬೆಳೆಯಲ್ಲ, ಆದರೆ ಬೆಳೆಗೆ ಬೇಲಿ ಬೇಕು. ಅನ್ಯಮತದ ನೆರೆಯವರಿಗೆ ಆರೋಗ್ಯದ ಮಾತಿನಿಂದಲೇ ಮಾಂಸವನ್ನು ಬಿಡುವ ದಾರಿ ತೆರೆಯಬಹುದು. ಮೊದಲು ಭಯದಿಂದ ಬಿಟ್ಟವನು ಮುಂದೆ ದಯೆಗೆ ಬಂದಾನು. ಅಷ್ಟಲ್ಲದೆ ಈ ಜ್ಞಾನವು ನಮ್ಮ ಅಡುಗೆಮನೆಯ ಕಡೆಗೂ ಬೆರಳು ತೋರಿಸುತ್ತದೆ.

ಬಾಟುಲಿಸಮ್ ವಿಷವು ಮಾಂಸದಲ್ಲಿ ಮಾತ್ರ ಹುಟ್ಟುವುದಿಲ್ಲ. ಹುಳಿಯಿಲ್ಲದ ತರಕಾರಿಗಳನ್ನು ಸರಿಯಾದ ಶಾಖವಿಲ್ಲದೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅಲ್ಲಿಯೂ ಹುಟ್ಟುತ್ತದೆ. ಪರದೇಶಗಳಲ್ಲಿ ಮನೆಯಲ್ಲಿಯೇ ಡಬ್ಬಿ ಕಟ್ಟಿದ ತರಕಾರಿಯನ್ನು ತಿಂದು ಸತ್ತವರಿದ್ದಾರೆ. ಬೆಂದ ಅನ್ನವನ್ನು ಬಹಳ ಹೊತ್ತು ಹಾಗೆಯೇ ಬಿಟ್ಟರೆ ಅದರಲ್ಲಿಯೂ ಬ್ಯಾಕ್ಟೀರಿಯಾಗಳು ವಿಷವನ್ನು ಹುಟ್ಟಿಸುತ್ತವೆ. ಆದುದರಿಂದ, "ನಾವು ಸಸ್ಯಾಹಾರಿಗಳು" ಎಂಬ ಹೆಸರೇ ನಮ್ಮನ್ನು ಕಾಯುವುದಿಲ್ಲ. ಯತ್ನಾಚಾರವೇ ಕಾಯುತ್ತದೆ.

ನಮ್ಮ ಹಿರಿಯರು ಆಹಾರಕ್ಕೆ ಕಟ್ಟಿದ ಮರ್ಯಾದೆಯನ್ನು ಸ್ಮರಿಸಿರಿ. ಸೋಸಿದ ನೀರಿಗೆ ಎರಡು ಘಳಿಗೆ, ಅಂದರೆ 48 ನಿಮಿಷ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಅನ್ನ, ಬೇಳೆಗಳಿಗೆ ಎರಡು ಪ್ರಹರ. ಇಂದು ನಮ್ಮ ಎಷ್ಟು ಮನೆಗಳಲ್ಲಿ ಈ ಲೆಕ್ಕ ಉಳಿದಿದೆ? ಶೀತಪೆಟ್ಟಿಗೆಯಲ್ಲಿ ಮೂರು ದಿನದ ಸಾರು, ವಾರದ ಹಿಟ್ಟು, ತಿಂಗಳ ಉಪ್ಪಿನಕಾಯಿ ಕುಳಿತಿರುತ್ತವೆ. ಚಳಿಯಲ್ಲಿಟ್ಟರೆ ಎಲ್ಲವೂ ಶುದ್ಧವೆಂದು ನಾವು ತಿಳಿದಿದ್ದೇವೆ. ಚಳಿಯಲ್ಲಿಯೂ ಬೆಳೆಯುವ ಲಿಸ್ಟೀರಿಯಾದ ವಿಷಯವನ್ನು ಈಗಷ್ಟೇ ಕೇಳಿದೆವು. ಜೀವೋತ್ಪತ್ತಿಯ ದೃಷ್ಟಿಯಿಂದ ಮರ್ಯಾದೆಯನ್ನು ಪಾಲಿಸಿದವನಿಗೆ ದೇಹರಕ್ಷಣೆಯೂ ಅನಾಯಾಸವಾಗಿ ಒದಗುತ್ತದೆ. ಬೆಳೆಗಾಗಿ ಉತ್ತವನಿಗೆ ಹುಲ್ಲೂ ದೊರೆಯುವಂತೆ ಇದು.

ನೀರು ಸೋಸುವ ಕ್ರಮವನ್ನೇ ನೋಡಿರಿ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ನಾವು ಬಚ್ಚಲಿಗೆ ಚೆಲ್ಲುವುದಿಲ್ಲ. ಯಾವ ಬಾವಿಯ ನೀರೋ ಅದೇ ಬಾವಿಗೆ ಮೆಲ್ಲನೆ ಮರಳಿಸಬೇಕೆಂದು ವಿಧಿ. ನಮ್ಮ ಆರೋಗ್ಯವೊಂದೇ ಉದ್ದೇಶವಾಗಿದ್ದರೆ ಸೋಸಿದೊಡನೆ ಕೆಲಸ ಮುಗಿಯಿತು, ಮರಳಿಸುವ ಶ್ರಮವೇಕೆ? ಆ ಎರಡನೆಯ ಕೆಲಸದಲ್ಲಿಯೇ ಜೈನಧರ್ಮವಿದೆ. ಸೋಸುವವನು ತನ್ನನ್ನು ಕಾಯುತ್ತಾನೆ, ಮರಳಿಸುವವನು ಜೀವವನ್ನು ಕಾಯುತ್ತಾನೆ. ಮಗುವು "ಏಕೆ?" ಎಂದು ಕೇಳಿದಾಗ ಕೊಡತಕ್ಕ ಉತ್ತರವೂ ಇಲ್ಲಿಯೇ ಇದೆ.

ಆದುದರಿಂದ, ಧರ್ಮಬಂಧುಗಳೇ, ಮುಂಬರುವ ಪರ್ವದಿನಗಳಲ್ಲಿ ಪ್ರತಿ ಮನೆಯಲ್ಲಿಯೂ ಮೂರು ನಿಯಮಗಳನ್ನು ಶಕ್ತ್ಯನುಸಾರ ಸ್ವೀಕರಿಸಬಹುದು. ಮೊದಲನೆಯದು, ಆಹಾರದ ಮರ್ಯಾದೆಗಳಲ್ಲಿ ಒಂದನ್ನಾದರೂ, ಖದಿರಸಾರನಂತೆ ಕಿರಿದಾದರೂ ಗಟ್ಟಿಯಾಗಿ ಹಿಡಿಯುವುದು. ಎರಡನೆಯದು, ಪೊಟ್ಟಣದ ಪದಾರ್ಥವನ್ನು ಕೊಳ್ಳುವಾಗ ಹಸಿರು ಗುರುತನ್ನು ನೋಡುವುದಲ್ಲದೆ, ಅದರ ಮೇಲೆ ಬರೆದ ಪದಾರ್ಥಗಳ ಪಟ್ಟಿಯನ್ನೂ ಓದುವುದು. ಮೂಳೆ ಚರ್ಮಗಳಿಂದ ತೆಗೆದ ಜೆಲಟಿನ್ ಮೊದಲಾದವು ಸಿಹಿತಿನಿಸುಗಳಲ್ಲಿಯೂ, ಔಷಧದ ಗುಳಿಗೆಗಳ ಹೊದಿಕೆಯಲ್ಲಿಯೂ ಸೇರಿರುತ್ತವೆ. ಹಸಿರು ಗುರುತಿನ ಪದ್ಧತಿಯಿಲ್ಲದ ಪರದೇಶಗಳಲ್ಲಿರುವ ನಮ್ಮ ಮಕ್ಕಳಿಗೆ ಈ ಅಭ್ಯಾಸವು ಇನ್ನೂ ಅವಶ್ಯ. ಮೂರನೆಯದು, ಮಕ್ಕಳಿಗೆ ಮಾಂಸತ್ಯಾಗದ ಕಾರಣವನ್ನು ಹೇಳುವಾಗ ಮೊದಲು ಜೀವದ ಮಾತನ್ನು ಹೇಳಿ, ಆಮೇಲೆ ರೋಗದ ಮಾತನ್ನು ಹೇಳುವುದು. ಈ ಕ್ರಮವು ತಲೆಕೆಳಗಾಗಬಾರದು.

ರೋಗಕ್ಕೆ ಹೆದರಿ ಬಿಟ್ಟದ್ದು ರೋಗದ ಭಯವಿರುವವರೆಗೆ ನಿಲ್ಲುತ್ತದೆ. ಜೀವವನ್ನು ಕಂಡು ಬಿಟ್ಟದ್ದು ಜೀವವಿರುವವರೆಗೆ ನಿಲ್ಲುತ್ತದೆ. ನಮ್ಮ ಮನೆಗಳ ವ್ರತವು ಎರಡನೆಯದಾಗಲಿ. ವಿಷಯುಕ್ತ ಆಹಾರದಿಂದ ನೊಂದ ಜೀವಗಳಿಗೂ, ಆಹಾರಕ್ಕಾಗಿ ಹತವಾದ ಜೀವಗಳಿಗೂ ಶಾಂತಿಯಾಗಲಿ. ಸರ್ವ ಜೀವಗಳಿಗೂ ಕ್ಷೇಮವಾಗಲಿ.

ಜೈ ಜಿನೇಂದ್ರ.